ಪಹಣಿಯಲ್ಲಿ ಇಲ್ಲದ ಅಜ್ಜಿಯರು

"ನಮ್ಮದು ಮಲೆನಾಡಲ್ಲಿ ಗೇಣಿ ಮಾಡಿಕೊಂಡಿದ್ದ ಮನೆ. ಅಜ್ಜನ ಹಿಂದೆ ಯಾರಿದ್ದರೋ ಗೊತ್ತಿಲ್ಲ, ಹಳೇ ಪಹಣಿಯಲ್ಲೂ ಹೆಸರಿಲ್ಲ. ಇಂಥ ಮನೆಯ ವಂಶಾವಳಿ ಹುಡುಕೋಕೆ ಆಗುತ್ತಾ?" ಅಂತ ಕೇಳಿದ್ದೀರಿ.

ಆಗುತ್ತೆ. ನಮ್ಮ ಮನೆಯದನ್ನು ಆರು ತಲೆಮಾರಿನವರೆಗೆ ಬರೆದಿದ್ದೇನೆ. ಮೂರು ವರ್ಷ ಹಿಡಿಯಿತು. ನಮ್ಮದು ಸಾಗರ ತಾಲ್ಲೂಕಿನ ದೀವರು ಅನ್ನೋ ಸಮುದಾಯದ ಮನೆ. ಅಪ್ಪನ ಕಡೆಯವರು ಕಾಗೋಡಿನ ಹತ್ತಿರದವರು. ಅಮ್ಮನ ಕಡೆಯವರ ಊರುಗಳು ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿದವು. ಅಪ್ಪನ ಕಡೆಯದು ಒಂದು ಕಡತದಲ್ಲಿ ಸಿಕ್ಕಿತು. ಅಮ್ಮನ ಕಡೆಯದಕ್ಕೆ ಕಾಗದವೇ ಇರಲಿಲ್ಲ. ಹಾಗಿದ್ದರೂ ಜಾಸ್ತಿ ದೂರ ಹೋಗಿದ್ದು ಅದೇ.

ಮೊದಲು ಅಪ್ಪನ ಕಡೆಯದು ಹೇಳ್ತೀನಿ. ನಾನೂ ನಿಮ್ಮ ಹಾಗೇ ಪಹಣಿಯಿಂದ ಶುರು ಮಾಡಿದ್ದೆ. ಹಳೇ ಪಹಣಿಯ 9ನೇ ಕಾಲಮ್ಮಿನಲ್ಲಿ ಒಡೆಯರ ಹೆಸರು ಇರುತ್ತೆ. ಉಳುವವರ ಹೆಸರು ಇರಬೇಕಾದ್ದು 12ರಲ್ಲಿ. ನಮ್ಮ ಗದ್ದೆಯದ್ದು ನೋಡಿದರೆ ಅಲ್ಲೂ ಒಡೆಯರದ್ದೇ ಹೆಸರು, "ಸ್ವಂತ" ಅಂತ ಬರೆದಿತ್ತು. ತಲೆತಲಾಂತರದಿಂದ ನೆಟ್ಟಿ ಮಾಡಿ, ಕೊಯ್ದು, ಅಂಗಳಕ್ಕೆ ಭತ್ತ ಹೊತ್ತು ಹಾಕಿದವರ ಹೆಸರು ಆ ಹಾಳೆಯಲ್ಲಿ ಎಲ್ಲೂ ಇಲ್ಲ. ಅವತ್ತು ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ ಸುಮಾರು ಹೊತ್ತು ಸುಮ್ನೆ ಕೂತಿದ್ದೆ.

ಅಜ್ಜ ಕಾಗೋಡು ಸತ್ಯಾಗ್ರಹಕ್ಕೆ ಹೋಗಿದ್ದರು ಅನ್ನೋದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದು 1951ರದ್ದು. ಗೇಣಿ ಭತ್ತ ಅಳೆಯೋ ಕೊಳಗದ ಗಾತ್ರದಿಂದ ಎದ್ದ ಜಗಳ. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಒಟ್ಟು ಮಾಡಿದ್ದರು. ಸಮಾಜವಾದಿಗಳು ಜೊತೆಗೆ ನಿಂತರು, ರಾಮ ಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆದರೆ ಅಜ್ಜನ ಹಿಂದಿನವರು ಯಾರು ಅಂದರೆ ಮನೆಯಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಗೊತ್ತಿದ್ದರೆ ತಾನೇ ಹೇಳೋದು?

ಕೊನೆಗೆ ಸಿಕ್ಕಿದ್ದು ಡಿಕ್ಲರೇಷನ್ ಕಡತದಲ್ಲಿ. ನೀವೂ ಮೊದಲು ಅದನ್ನೇ ಹುಡುಕಿ. ಭೂಸುಧಾರಣೆ ಕಾನೂನಿನ ತಿದ್ದುಪಡಿ 1974ರ ಮಾರ್ಚ್ 1ಕ್ಕೆ ಜಾರಿಗೆ ಬಂತು. ಆಗ ದೇವರಾಜ ಅರಸು ಮುಖ್ಯಮಂತ್ರಿ. ಮಾಡುತ್ತಿದ್ದ ಗದ್ದೆ ತಮ್ಮ ಹೆಸರಿಗೆ ಆಗಲಿ ಅಂತ ಗೇಣಿದಾರರು 7ನೇ ನಮೂನೆಯಲ್ಲಿ ಅರ್ಜಿ ಕೊಟ್ಟರು. ನಮ್ಮ ಕಡೆ ಅದಕ್ಕೆ "ಡಿಕ್ಲರೇಷನ್ ಹಾಕೋದು" ಅಂತಲೇ ಹೇಳೋದು. ಭೂ ನ್ಯಾಯಮಂಡಳಿ ಮುಂದೆ ವಿಚಾರಣೆ ಆಗಬೇಕಿತ್ತು. ಈ ಗದ್ದೆ ನಾವೇ ಮಾಡುತ್ತಿದ್ದೇವೆ ಅಂತ ತೋರಿಸಬೇಕಲ್ವಾ? ರಸೀದಿ ಇಲ್ಲದವರು ಬಾಯಲ್ಲಿ ಹೇಳಿದರು. ಯಾರ ಕಾಲದಿಂದ, ಯಾರಿಂದ ಯಾರಿಗೆ ಬಂತು, ಎಲ್ಲವನ್ನೂ.

ಅರ್ಜಿ ಕೊಟ್ಟು ನಕಲು ತೆಗೆಸಿದೆ. ನಮ್ಮ ಸರ್ವೆ ನಂಬರಿನ ಕಡತ ಬಹಳ ತೆಳ್ಳಗಿತ್ತು. ಎರಡನೇ ಹಾಳೆಯಲ್ಲಿ ಅಜ್ಜನ ಹೇಳಿಕೆ. ಬರೆದವರ ಅಕ್ಷರ ಗುಂಡಗೆ, ಒತ್ತಾಗಿ ಇತ್ತು. ಈ ಗದ್ದೆ ನನ್ನ ಅಜ್ಜ ಮಾಡಿದ್ದು, ಆಮೇಲೆ ಅಪ್ಪ, ಈಗ ನಾನು ಅಂತ ಮೂರು ಸಾಲು. ಇಬ್ಬರ ಹೆಸರೂ ಇತ್ತು. ಕೆಳಗೆ ಅಜ್ಜನ ಹೆಬ್ಬೆಟ್ಟು. ಶಾಯಿ ಜಾಸ್ತಿ ಆಗಿ ಒಂದು ಬದಿ ಹರಡಿತ್ತು. ಆ ಹೆಬ್ಬೆರಳಿನಲ್ಲಿ ಕತ್ತಿ ಏಟಿನ ಒಂದು ಗೆರೆ ಇತ್ತು. ಚಿಕ್ಕವನಿದ್ದಾಗ ಅಜ್ಜನ ಕೈ ಹಿಡಿದು ನಡೆಯುವಾಗ ಅದನ್ನು ಸವರುತ್ತಿದ್ದೆ. ಹಾಳೆ ಮೇಲೂ ಅದೇ ಗೆರೆ, ಬೆಳ್ಳಗೆ. ಅಲ್ಲೇ ಕಣ್ಣಲ್ಲಿ ನೀರು ಬಂತು.

ಹೀಗೆ ಅಪ್ಪನ ಕಡೆ ಐದು ತಲೆಮಾರು ಆಯ್ತು. ಎಲ್ಲಾ ಗಂಡಸರೇ. ಮನೆಯಲ್ಲಿದ್ದ ಹಳೇ ವಂಶವೃಕ್ಷವೂ ಅಷ್ಟೇ. ಹಿಂದೆ ಖಾತೆ ಬದಲಾವಣೆಗೆ ಅಂತ ಮನೆಯವರು ಬರೆಸಿದ್ದು. ಅದರಲ್ಲಿ ಅಪ್ಪನ ಇಬ್ಬರು ಅಕ್ಕಂದಿರ ಹೆಸರೇ ಬಿಟ್ಟಿದ್ದರು. ನನ್ನನ್ನು ಎತ್ತಿ ಆಡಿಸಿದ ಅತ್ತೆಯರು. ನಾಡಕಚೇರಿ ವಂಶವೃಕ್ಷ ಅಂದರೆ ಮನೆಯವರು ಹೇಳಿ ಬರೆಸಿದ್ದು, ಅಷ್ಟೇ. ನಿಮ್ಮ ಮನೆಯಲ್ಲಿ ಅಂಥದ್ದು ಸಿಕ್ಕರೆ ಅದೇ ಪೂರ್ತಿ ಅಂದುಕೊಳ್ಳಬೇಡಿ.

ಇನ್ನು ಅಮ್ಮನ ಕಡೆ. ನಮ್ಮಲ್ಲಿ ಆಸ್ತಿ ಅಪ್ಪನಿಂದ ಬಂದರೂ "ಬಳಿ", ಅಂದರೆ ಗೋತ್ರದ ಹಾಗಿನ ಕುಲದ ಗುರುತು, ಬರೋದು ಅಮ್ಮನಿಂದ. ಅಮ್ಮನ ಬಳಿಯೇ ಮಕ್ಕಳ ಬಳಿ. ಒಂದೇ ಬಳಿಯವರು ಅಣ್ಣತಂಗಿಯರ ಹಾಗೆ, ಮದುವೆ ಆಗುವಂತಿಲ್ಲ. ಹಾಗಾಗಿ ಸಂಬಂಧ ನೋಡುವಾಗ ಹುಡುಗನ ತಾಯಿ ಯಾರ ಮಗಳು, ಆಕೆಯ ತಾಯಿ ಎಲ್ಲಿಂದ ಬಂದವಳು ಅಂತ ಹೆಂಗಸರು ಬಿಡದೆ ವಿಚಾರಿಸುತ್ತಿದ್ದರು. ಯಾವ ಕಚೇರಿಯೂ ಬರೆದಿಡದ ಸಾಲು ಅವರ ತಲೆಯಲ್ಲಿ ಉಳಿದಿದ್ದು ಹಾಗೆ. ನಿಮ್ಮ ಮನೆಯಲ್ಲೂ ಬಳಿ ಇದ್ದರೆ ಅದೇ ನಿಮ್ಮ ದೊಡ್ಡ ಆಸ್ತಿ.

ಅಜ್ಜಿ ತೀರಿಕೊಂಡು ವರ್ಷಗಳಾಗಿವೆ. ಅವರ ತಂಗಿ, ನಮ್ಮ ಚಿಕ್ಕಜ್ಜಿ, ಇದ್ದಾರೆ. ವಯಸ್ಸು ಎಂಬತ್ತು ದಾಟಿದೆ. ಯಾವ ಇಸವಿ ಅಂತ ಕೇಳಿದರೆ ಅವರಿಗೆ ಗೊತ್ತಾಗಲ್ಲ. "ಮಡೆನೂರು ಡ್ಯಾಮಿಗೆ ನೀರು ನಿಂತಾಗ ನಾನು ಕರು ಕಾಯ್ತಿದ್ದೆ" ಅಂತಾರೆ. ಅದು 1948ರ ಆಸುಪಾಸು, ಅಂದರೆ ಆಗ ಏಳೆಂಟು ವರ್ಷ. ದೊಡ್ಡ ಮಗ ಹುಟ್ಟಿದ್ದು "ಮಂಗನ ಕಾಯಿಲೆ ಸುದ್ದಿ ಬಂದ ವರ್ಷ". ಸೊರಬದ ಕ್ಯಾಸನೂರು ಕಾಡಲ್ಲಿ ಅದು ಗೊತ್ತಾಗಿದ್ದು 1957ರಲ್ಲಿ. ಹೀಗೆ ಒಂದೊಂದೇ ಜೋಡಿಸಿಕೊಳ್ಳಬೇಕು.

ಹೆಸರು ಕೇಳೋಕೆ ಶುರು ಮಾಡಿದಾಗ ಚಿಕ್ಕಜ್ಜಿಗೆ ಬೇಸರ ಬಂತು. "ಸತ್ತವರ ಹೆಸರು ಯಾಕೋ ಮಗಾ?" ಅಂದರು. ನಾನು ಬೇರೆ ದಾರಿ ಹಿಡಿದೆ. "ನಿಮ್ಮ ಮದುವೆಗೆ ಹಸೆ ಗೋಡೆ ಬರೆದವರು ಯಾರು?" ಅಂತ ಕೇಳಿದೆ. ಅಷ್ಟೇ ಸಾಕಾಯ್ತು. ಕೆಮ್ಮಣ್ಣು ಸಾರಿಸಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಬರೆಯೋ ಚಿತ್ತಾರ ಅದು. ನೀವು ನೋಡಿರುತ್ತೀರಿ. ಬರೆದವಳು ತಮ್ಮ ಅಮ್ಮನ ಚಿಕ್ಕಮ್ಮ, ಅವಳಿಗೆ ಕಲಿಸಿದವಳು ಅವಳ ಅಮ್ಮ, ಆಕೆಯ ಕೈ ಎಷ್ಟು ಸಣ್ಣ ಎಳೆ ಎಳೆಯುತ್ತಿತ್ತು ಅಂದರೆ... ಅಂತ ಕತ್ತಲಾಗುವವರೆಗೂ ಹೇಳಿದರು. ಹನ್ನೊಂದು ಹೆಂಗಸರ ಹೆಸರು ಸಿಕ್ಕಿತು. ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ, ಪುಣ್ಯ.

ಒಂದು ತೊಡಕು ಹೇಳಬೇಕು. ಮೊಮ್ಮಗನಿಗೆ ಅಜ್ಜನ ಹೆಸರು ಇಡೋದರಿಂದ ಒಂದೇ ಹೆಸರು ಮೂರು ಸಲ ಬರುತ್ತೆ. ನಾನು ಇಬ್ಬರನ್ನು ಒಬ್ಬರೇ ಅಂದುಕೊಂಡು ಒಂದು ವರ್ಷ ತಪ್ಪು ಬರೆದಿದ್ದೆ. ಪ್ರತಿ ಗಂಡಸಿನ ಪಕ್ಕ ಹೆಂಡತಿಯ ಹೆಸರು, ಆಕೆಯ ತವರೂರು ಬರೆದ ಮೇಲೆ ಗೋಜಲು ಬಿಡಿಸಿಕೊಂಡಿತು.

ಹಾಗೆ ತವರೂರು ಬರೆಯುತ್ತಾ ಹೋದಾಗ ನನಗೆ ಇನ್ನೊಂದು ಕಾಣಿಸಿತು. ಅಪ್ಪನ ಕಡೆ ಐದು ತಲೆಮಾರೂ ಒಂದೇ ಊರಲ್ಲಿವೆ. ಬಳಿಯ ಸಾಲಿನಲ್ಲಿ ಹೆಣ್ಣುಮಕ್ಕಳು ಮದುವೆಯಾಗಿ ಊರಿಂದ ಊರಿಗೆ ಹೋಗಿದ್ದಾರೆ. ಅಜ್ಜಿ ಒಂದೂರಲ್ಲಿ ಹುಟ್ಟಿದರು, ಅವರಮ್ಮ ಇನ್ನೊಂದೂರಲ್ಲಿ, ಅವರಮ್ಮ ಹೊಳೆಯಾಚೆ. ಆ ಮೂರೂ ಊರು ಈಗ ನೀರಲ್ಲಿವೆ. ಲಿಂಗನಮಕ್ಕಿ ಅಣೆಕಟ್ಟು ಆಗಿದ್ದು 1964ರಲ್ಲಿ. ಅಮ್ಮನಿಗೆ ಆಗ ಏಳೆಂಟು ವರ್ಷ. ಲಾರಿಯಲ್ಲಿ ಸಾಮಾನು ತುಂಬಿ ಹೊರಟಾಗ ನಾಯಿ ಬಹಳ ದೂರ ಹಿಂದೆ ಓಡಿ ಬಂತು ಅಂತ ಈಗಲೂ ಹೇಳ್ತಾರೆ. ಒಂದೇ ಕೇರಿಯವರು ಬೇರೆ ಬೇರೆ ಕಾಡಿನ ಅಂಚಿಗೆ ಹೋಗಿ ಬಿದ್ದರು. ಎಷ್ಟೋ ಸಂತ್ರಸ್ತರ ಮನೆಗಳಿಗೆ ಇವತ್ತಿಗೂ ಭೂಮಿಯ ಹಕ್ಕುಪತ್ರ ಆಗಿಲ್ಲ. ನೆಂಟರು ಚದುರಿದ ಮೇಲೆ ಯಾರ ಮಗಳು ಯಾರು ಅಂತ ಹೇಳುವವರೂ ಚದುರಿದರು.

ಮಳೆ ಕಡಿಮೆಯಾದ ಒಂದು ವರ್ಷ ಬೇಸಿಗೆಯಲ್ಲಿ ಹಿನ್ನೀರು ತುಂಬಾ ಇಳಿಯಿತು. ಲಿಂಗನಮಕ್ಕಿ ನೀರಲ್ಲಿ ಮುಳುಗಿದ್ದ ಹಳೇ ಮಡೆನೂರು ಅಣೆಕಟ್ಟು ಕಾಣಿಸುತ್ತಿದೆ ಅಂತ ಜನ ನೋಡೋಕೆ ಹೋಗುತ್ತಿದ್ದರು. ನಾನು ಚಿಕ್ಕಜ್ಜಿಯನ್ನು ಅವರ ಊರ ಕಡೆಗೆ ಕರೆದುಕೊಂಡು ಹೋದೆ. ಬಿರಿದ ಕೆಸರು, ಕಪ್ಪಗಾದ ಮರದ ಬೊಡ್ಡೆಗಳು, ಬೇರೇನಿಲ್ಲ. ಚಿಕ್ಕಜ್ಜಿ ಕೋಲು ಊರಿಕೊಂಡು ಸೀದಾ ನಡೆದರು. ಒಂದು ಕಡೆ ನಿಂತು ಕೋಲಿನಿಂದ ಕೆಸರು ಕೆದಕಿದರು. ಒರಳುಕಲ್ಲಿನ ಬಾಯಿ ಕಾಣಿಸಿತು. ಕೂತು ಬೆರಳಲ್ಲಿ ಒಳಗಿನ ಮಣ್ಣು ತೆಗೆದರು. "ಅಮ್ಮ ಇಲ್ಲೇ ರುಬ್ಬೋದು" ಅಂದರು.

ಅಲ್ಲಿ ನಿಂತ ಮೇಲೆ ನಾನು ಏನೂ ಕೇಳಬೇಕಾಗಲಿಲ್ಲ. ಇಲ್ಲಿ ದೊಡ್ಡಪ್ಪನ ಮನೆ, ಅಲ್ಲಿ ಕೊಟ್ಟಿಗೆ, ಆ ದಿಬ್ಬದ ಮೇಲೆ ಬಾಣಂತಿಯಾಗಿ ಸತ್ತ ಅತ್ತೆಯನ್ನು ಮಣ್ಣು ಮಾಡಿದ್ದು. ಒಂದೊಂದು ಜಾಗಕ್ಕೂ ಒಂದು ಹೆಸರು ಬಂತು. ಆಮೇಲೆ ನೀರಿನ ಆಚೆ ಕೈ ತೋರಿಸಿದರು. ಅವರಮ್ಮನ ತವರು ಅಲ್ಲಿ. ಆ ಮನೆಯ ಅಜ್ಜಿಯನ್ನು ಹೆತ್ತವಳು ಘಟ್ಟದ ಕೆಳಗಿನವಳು, ಭಟ್ಕಳದ ಕಡೆಯಿಂದ ಮದುವೆಯಾಗಿ ಬಂದವಳು. ಅವಳ ಹೆಸರನ್ನೂ ಹೇಳಿದರು. ಮನೆಯಲ್ಲಿ ಕೂತು ಅಷ್ಟು ಸಲ ಕೇಳಿದಾಗ ಆ ಹೆಸರು ಬಂದೇ ಇರಲಿಲ್ಲ. ಅದಕ್ಕೇ ಹೇಳ್ತೀನಿ, ನಿಮ್ಮ ಮನೆಯಲ್ಲಿ ಹಳೇ ಜೀವ ಇದ್ದರೆ ಅವರನ್ನು ಹಳೇ ಜಾಗಕ್ಕೆ ಕರೆದುಕೊಂಡು ಹೋಗಿ. ಈ ವರ್ಷವೇ ಹೋಗಿ.

ನಮ್ಮ ಹಾಳೆಯಲ್ಲಿ ಎಲ್ಲಕ್ಕಿಂತ ಮೇಲೆ ಈಗ ಇರೋದು ಆ ಹೆಂಗಸಿನ ಹೆಸರು. ಭೂಮಿ ಹುಣ್ಣಿಮೆ ಕಳೆದ ಮೇಲೆ ಘಟ್ಟ ಇಳಿದು ಅವಳ ಬಳಿಯ ಮನೆಗಳನ್ನು ವಿಚಾರಿಸಬೇಕು ಅಂತಿದ್ದೀನಿ. ಚಿಕ್ಕಜ್ಜಿ ತಾನೂ ಬರ್ತೀನಿ ಅಂದಿದ್ದಾರೆ.