ತೀರ್ಥಹಳ್ಳಿ ಹತ್ರ ನಮ್ದೊಂದು ಹೋಂಸ್ಟೇ ಇದೆ, ವೆಬ್‌ಸೈಟಲ್ಲಿ ಕೀವರ್ಡ್ (ಜನ ಗೂಗಲಲ್ಲಿ ಹುಡ್ಕೋ ಪದ) ಎಷ್ಟು ಸಲ ಹಾಕ್ಬೇಕು?

ಇಷ್ಟೇ ಸಲ ಅಂತ ಲೆಕ್ಕ ಏನಿಲ್ಲ ಮಾರಾಯ್ರೇ. ನಾನು ಸಾಗರದಲ್ಲಿ ಹೋಂಸ್ಟೇ ಶುರು ಮಾಡ್ದಾಗ ಸೈಟ್ ಮಾಡ್ಕೊಟ್ಟ ಹುಡುಗ ಒಂದೇ ಪೇಜಲ್ಲಿ 'ಬೆಸ್ಟ್ ಹೋಂಸ್ಟೇ ಮಲ್ನಾಡ್' ಅಂತ ಮೂವತ್ತು ಸಲ ತುಂಬಿದ್ದ, ಅದ್ರಲ್ಲಿ ಅರ್ಧ ಬಿಳಿ ಬ್ಯಾಕ್‌ಗ್ರೌಂಡ್ ಮೇಲೆ ಬಿಳಿ ಅಕ್ಷರದಲ್ಲಿ, ಓದೋರಿಗೆ ಕಾಣಲ್ಲ ಗೂಗಲ್‌ಗೆ ಮಾತ್ರ ಕಾಣುತ್ತೆ ಅಂತ ಅವ್ನ ಬುದ್ಧಿವಂತಿಕೆ. ಗೂಗಲ್ ಲೆಕ್ಕದಲ್ಲಿ ಅದು ಸ್ಪ್ಯಾಮ್. ಮೆಟಾ ಕೀವರ್ಡ್ಸ್ ಟ್ಯಾಗ್ (ಪೇಜಿನ ಕೋಡ್ ಒಳಗೆ ಬರೆಯೋ ಕೀವರ್ಡ್ ಪಟ್ಟಿ) ಹಾಕ್ಕೊಡ್ತೀನಿ ಅಂತ ಯಾರಾದ್ರೂ ದುಡ್ಡು ಕೇಳಿದ್ರೂ ಕೊಡ್ಬೇಡಿ, ರ‍್ಯಾಂಕಿಂಗ್‌ಗೆ ಅದನ್ನ ನೋಡೋದೇ ಇಲ್ಲ ಅಂತ ಗೂಗಲ್‌ನೋರು 2009ರಲ್ಲೇ ಹೇಳಿದಾರೆ.

ನಿಮ್ಗೆ ಬರೋ ವಾಟ್ಸಾಪ್ ಮೆಸೇಜ್ ತೆಗ್ದು ನೋಡಿ. 'ಆಗುಂಬೆಗೆ ಎಷ್ಟು ದೂರ', 'ಮಳೆಗಾಲದಲ್ಲಿ ಕಾರ್ ಮನೆ ತನಕ ಬರುತ್ತಾ', 'ಊಟಕ್ಕೆ ಕಡುಬು ಸಿಗುತ್ತಾ' ಅಂತೆಲ್ಲ ಕೇಳ್ತಾರಲ್ಲ, ಅವೇ ನಿಮ್ಮ ಕೀವರ್ಡು, ಒಂದೊಂದಕ್ಕೂ ಪೇಜಲ್ಲಿ ನೆಟ್ಟಗೆ ಉತ್ತರ ಬರೀರಿ. ಪೇಜ್ ಟೈಟಲಲ್ಲಿ ಬರೀ 'ಹೋಂ' ಅಂತ ಇದ್ರೆ ತೆಗ್ದು 'ಆಗುಂಬೆ ಹತ್ರ ಅಡಿಕೆ ತೋಟದ ಹೋಂಸ್ಟೇ, ತೀರ್ಥಹಳ್ಳಿ' ಅಂತ ಹಾಕಿ. ಬೆಂಗ್ಳೂರೋರು ಇಂಗ್ಲಿಷಲ್ಲೇ ಹುಡ್ಕೋದು ಜಾಸ್ತಿ, ಹಂಗಾಗಿ ಇಂಗ್ಲಿಷ್ ಪೇಜೂ ಬೇಕು. ಇನ್ನೂ ಶಿಮೊಗ್ಗ ಅಂತ ಟೈಪ್ ಮಾಡೋರಿದ್ದಾರೆ, ಅಡ್ರೆಸ್ ಹತ್ರ ಒಂದ್ಸಲ ಅದೂ ಇರ್ಲಿ.

ನಿಜ ಹೇಳ್ಬೇಕಂದ್ರೆ ನನ್ಗೆ ಸೈಟ್‌ಗಿಂತ ಜಾಸ್ತಿ ಫೋನ್ ಬರೋದು ಗೂಗಲ್ ಮ್ಯಾಪಿಂದ. ಮ್ಯಾಪಲ್ಲಿ ಹೋಂಸ್ಟೇ ಕಾಣೋ ಹಾಗೆ ಮಾಡೋ ಗೂಗಲ್ ಬಿಸಿನೆಸ್ ಪ್ರೊಫೈಲ್ ಫ್ರೀ, ಮೊದ್ಲು ಅದನ್ನ ಮಾಡಿ, ಪಿನ್ ಸರಿಯಾಗಿ ಗೇಟ್ ಹತ್ರ ಇಡಿ. ನಂದು ಪಕ್ಕದ್ಮನೆ ಕೊಟ್ಟಿಗೆ ಮೇಲಿತ್ತು, ಗೆಸ್ಟ್ ಎಲ್ಲ ಅಲ್ಲಿಗೇ ಹೋಗ್ತಿದ್ರು. ಆಮೇಲೆ ಸೈಟ್‌ಗೆ ಗೂಗಲ್‌ನದ್ದೇ ಸರ್ಚ್ ಕನ್ಸೋಲ್ ಅನ್ನೋ ಟೂಲ್ ಹಾಕ್ಕೊಳ್ಳಿ, ಅದೂ ಫ್ರೀನೇ, ಯಾವ ಪದ ಹುಡ್ಕಿ ಬಂದ್ರು ಅಂತ ಅದ್ರಲ್ಲೇ ಗೊತ್ತಾಗುತ್ತೆ.