ಲೆಕ್ಕ ಕೇಳಿ: ಬಡ್ಡಿ ಹೆಚ್ಚು ಬಂದ ವರ್ಷಗಳು

ಪ್ರಶ್ನೆ: ನಮಸ್ಕಾರ ಸರ್. ನಾವು ಶಿವಮೊಗ್ಗದ ಕಡೆಯವರು. ಹನ್ನೆರಡು ವರ್ಷಗಳಿಂದ ಕ್ಯಾಲಿಫೋರ್ನಿಯಾದ ಇರ್ವೈನಿನಲ್ಲಿದ್ದೇವೆ, ಈಗ ಮನೆಯನ್ನೂ ಕೊಂಡಿದ್ದೇವೆ. ಆರೆಂಜ್ ಕೌಂಟಿಯಿಂದ ಮೊದಲ ಆಸ್ತಿ ತೆರಿಗೆ ಬಿಲ್ಲು ಬಂದಿದೆ. ಇದೇ ಕೌಂಟಿ 1994ರಲ್ಲಿ ದಿವಾಳಿಯಾಗಿತ್ತೆಂದು ನೆರೆಮನೆಯವರು ಹೇಳಿದರು. ಇಷ್ಟು ಸಿರಿವಂತರ ಊರು ದಿವಾಳಿಯಾದದ್ದು ಹೇಗೆ? ಯಾರಾದರೂ ಹಣ ತಿಂದರೇ? ನಮ್ಮಂಥವರು ಲೆಕ್ಕ ಕೇಳಬಹುದೇ?
– ಓದುಗರು, ಇರ್ವೈನ್

ಉತ್ತರ: ನಿಮ್ಮ ಪತ್ರ ಕೈಗೆ ಬಂದಾಗ ನಾನು ನಿಮ್ಮ ಪಕ್ಕದ ಟಸ್ಟಿನ್ ಊರಿನಲ್ಲೇ ಮಗಳ ಮನೆಯಲ್ಲಿದ್ದೆ. ಅದೇ ಬಿಲ್ಲು ಅವಳ ಅಡುಗೆಮನೆಯ ಮೇಜಿನ ಮೇಲೂ ಇತ್ತು. ಮೂವತ್ತೊಂದು ವರ್ಷ ಪಂಚಾಯಿತಿ, ಪುರಸಭೆಗಳ ಲೆಕ್ಕ ತಪಾಸಣೆ ಮಾಡಿದವನು ನಾನು. ಅಂಥ ಕಾಗದ ಕಂಡರೆ ಕೈ ತಾನಾಗಿ ಕನ್ನಡಕಕ್ಕೆ ಹೋಗುತ್ತದೆ. ನೀವೂ ಬಿಲ್ಲನ್ನು ಒಮ್ಮೆ ಸಾವಕಾಶವಾಗಿ ಓದಿ. ಮೊದಲ ಸಾಲಿನಲ್ಲಿ ಮನೆಯ ನಿಗದಿತ ಮೌಲ್ಯದ ಶೇ 1ರಷ್ಟು ಮೂಲ ತೆರಿಗೆ. 1978ರಲ್ಲಿ ಅಲ್ಲಿನ ಮತದಾರರು ತಾವೇ ಮತ ಹಾಕಿ ಕಟ್ಟಿದ ಮಿತಿ ಅದು. ನೀವು ಮನೆ ಮಾರದೆ, ಹೊಸದಾಗಿ ಕಟ್ಟದೆ ಇರುವವರೆಗೆ ಆ ಮೌಲ್ಯವನ್ನು ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಅದರ ಕೆಳಗೆ ಶಾಲಾ ಬಾಂಡು, ನೀರಿನ ಸಂಸ್ಥೆ, ಕೊನೆಗೆ ಸೊಳ್ಳೆ ಮತ್ತು ಬೆಂಕಿ ಇರುವೆಗಳ ನಿಯಂತ್ರಣಕ್ಕೆ ಕೆಲವೇ ಡಾಲರುಗಳ ಒಂದು ಸಾಲು. ಇಂಥ ವಿಶೇಷ ವಂತಿಗೆಗಳ ಜೊತೆಗೆ, ವಿಚಾರಿಸಬೇಕಾದ ಸಂಸ್ಥೆಯ ದೂರವಾಣಿ ಸಂಖ್ಯೆಯೂ ಇದೆ. ಅದನ್ನು ನೋಡಿ ನನಗೆ ನಿಜವಾಗಿಯೂ ಸಂತೋಷವಾಯಿತು. ಇರುವೆಯ ಲೆಕ್ಕವನ್ನೂ ಬಿಡಿಸಿ ಬರೆಯುವ ಇದೇ ಕೌಂಟಿ ಒಂದು ಕಾಲದಲ್ಲಿ ಸುಮಾರು 164 ಕೋಟಿ ಡಾಲರ್ ಕಳೆದುಕೊಂಡಿತು ಎಂಬುದು ಅದಕ್ಕೇ ನನ್ನನ್ನು ಬಿಡದೆ ಕಾಡುತ್ತದೆ.

ಹಣವನ್ನು ಯಾರೂ ಮನೆಗೆ ಹೊತ್ತುಕೊಂಡು ಹೋಗಲಿಲ್ಲ. ಆಗ ಅಲ್ಲಿ ರಾಬರ್ಟ್ ಸಿಟ್ರನ್ ಎಂಬ ಖಜಾಂಚಿ ಇದ್ದರು. ಖಜಾಂಚಿಯನ್ನೂ ಜನರೇ ಚುನಾಯಿಸುವ ಪದ್ಧತಿ ಅಲ್ಲಿಯದು. 1970ರಿಂದ ಅವರನ್ನೇ ಮತ್ತೆ ಮತ್ತೆ ಗೆಲ್ಲಿಸುತ್ತ ಬಂದಿದ್ದರು. ಕೌಂಟಿಯದಷ್ಟೇ ಅಲ್ಲ, ಶಾಲೆಗಳು, ನಗರಗಳು, ನೀರಿನ ಸಂಸ್ಥೆಗಳೆಲ್ಲ ಸೇರಿ ಸುಮಾರು 750 ಕೋಟಿ ಡಾಲರ್ ಅವರ ನಿಧಿಯಲ್ಲಿ ಇತ್ತು. ಅವರು ಮಾಡಿದ್ದನ್ನು ನಮ್ಮ ಮನೆಯ ಮಾತಿನಲ್ಲಿ ಹೀಗೆ ಹೇಳಬಹುದು: ಇದ್ದ ಒಡವೆ ಅಡವಿಟ್ಟು ಸಾಲ ತಂದರು, ಆ ಸಾಲದಲ್ಲಿ ಮತ್ತೆ ಒಡವೆ ಕೊಂಡರು, ಅದನ್ನೂ ಅಡವಿಟ್ಟರು. ಒಡವೆಯ ಜಾಗದಲ್ಲಿ ಸಾಲಪತ್ರಗಳಿದ್ದವು, ಅಷ್ಟೇ ವ್ಯತ್ಯಾಸ. ಹೀಗೆ 750 ಕೋಟಿಯ ಮೇಲೆ 2,000 ಕೋಟಿ ಡಾಲರಿಗೂ ಮೀರಿದ ಹೂಡಿಕೆ ನಿಂತಿತು. ಬಡ್ಡಿದರ ಇಳಿಯುತ್ತಿದ್ದಷ್ಟು ಕಾಲ ಲಾಭವೋ ಲಾಭ. 1994ರ ಫೆಬ್ರುವರಿಯಿಂದ ಅಮೆರಿಕದ ಕೇಂದ್ರ ಬ್ಯಾಂಕು ದರ ಏರಿಸಲು ತೊಡಗಿ ಆ ವರ್ಷ ಆರು ಸಲ ಏರಿಸಿತು. ಇವರು ತೆರುವ ಬಡ್ಡಿ ಏರಿತು, ಕೈಯಲ್ಲಿದ್ದ ಪತ್ರಗಳ ಬೆಲೆ ಕುಸಿಯಿತು, ಸಾಲ ಕೊಟ್ಟವರು ಇನ್ನಷ್ಟು ಅಡಮಾನ ಕೇಳಿದರು. ಡಿಸೆಂಬರ್ 6ರಂದು ಕೌಂಟಿ ದಿವಾಳಿ ಅರ್ಜಿ ಸಲ್ಲಿಸಿತು.

ನಾನು ನಿಮಗೆ ಹೇಳಬೇಕೆಂದಿರುವುದು ಅದಕ್ಕಿಂತ ಹಿಂದಿನ ವರ್ಷಗಳ ಮಾತು. ಆ ನಿಧಿಗೆ ರಾಜ್ಯದ ನಿಧಿಗಿಂತ ಎದ್ದು ಕಾಣುವಷ್ಟು ಹೆಚ್ಚು ಬಡ್ಡಿ ಬರುತ್ತಿತ್ತು. ಅಮೆರಿಕದ ಸರ್ಕಾರಿ ಪತ್ರಗಳ ಮೇಲೆ ಒಬ್ಬ ಖಜಾಂಚಿಗೆ ಮಾತ್ರ ಹೆಚ್ಚು ಬಡ್ಡಿ ಹೇಗೆ ಸಿಗುತ್ತದೆ? ಕೌಂಟಿಯನ್ನು ನಡೆಸುವ ಚುನಾಯಿತ ಮಂಡಳಿಯವರು ಕೇಳಲಿಲ್ಲ, ಏಕೆಂದರೆ ಆ ಬಡ್ಡಿಯಿಂದಲೇ ಅವರ ಆಯವ್ಯಯ ಸರಿದೂಗುತ್ತಿತ್ತು. ಶಾಲೆಗಳೂ ಕೇಳಲಿಲ್ಲ, ನಿಮ್ಮ ಇರ್ವೈನಿನ ಶಾಲಾ ಆಡಳಿತವೂ ಸೇರಿದಂತೆ ಕೆಲವು, ಸಾಲ ಎತ್ತಿ ತಂದು ಆ ನಿಧಿಗೆ ಸುರಿದವು. ಪುಸ್ತಕದಲ್ಲಿ ಪತ್ರಗಳ ಬೆಲೆಯನ್ನು ಮಾರುಕಟ್ಟೆ ದರದಲ್ಲಿ ತೋರಿಸುವ ಬದಲು ಕೊಂಡ ದರದಲ್ಲೇ ತೋರಿಸುತ್ತಿದ್ದುದರಿಂದ ನಷ್ಟ ಕಣ್ಣಿಗೆ ಬೀಳುತ್ತಿರಲಿಲ್ಲ. ಕೇಳಿದವರು ಒಬ್ಬರಿದ್ದರು: ಜಾನ್ ಮೂರ್ಲಾಕ್ ಎಂಬ ಲೆಕ್ಕಪರಿಶೋಧಕರು. 1994ರ ಜೂನ್ ಚುನಾವಣೆಯಲ್ಲಿ ಸಿಟ್ರನ್ ವಿರುದ್ಧ ನಿಂತು, ಈ ಹೂಡಿಕೆ ಅಪಾಯದ್ದೆಂದು ಎಲ್ಲರ ಎದುರು ಹೇಳಿದರು. ಜನ ಅವರನ್ನು ಸೋಲಿಸಿದರು. ಆರು ತಿಂಗಳಲ್ಲಿ ಅವರ ಮಾತು ನಿಜವಾಯಿತು. 1995ರಲ್ಲಿ ಅವರನ್ನೇ ಕರೆದು ಖಜಾಂಚಿಯನ್ನಾಗಿ ಮಾಡಿದರು. ಸಿಟ್ರನ್ ಹೂಡಿಕೆದಾರರನ್ನು ದಾರಿ ತಪ್ಪಿಸಿದ, ಬಡ್ಡಿಯ ಹಣವನ್ನು ಬೇರೆಯವರ ಖಾತೆಯಿಂದ ಕೌಂಟಿಯ ಖಾತೆಗೆ ತಿರುಗಿಸಿದ ತಪ್ಪನ್ನು ಒಪ್ಪಿಕೊಂಡರು. ಸ್ವಂತಕ್ಕೆಂದು ಹಣ ತೆಗೆದುಕೊಂಡಿರಲಿಲ್ಲ. ಆ ದಿವಾಳಿಯ ಸಾಲದ ಕೊನೆಯ ಕಂತು ತೀರಿದ್ದು 2017ರಲ್ಲಿ. 1994ರಲ್ಲಿ ಹುಟ್ಟಿದ ಮಗು ಅಷ್ಟರಲ್ಲಿ ತೆರಿಗೆ ಕಟ್ಟುವ ವಯಸ್ಸಿಗೆ ಬಂದಿತ್ತು.

ನನ್ನದೇ ಒಂದು ತಪ್ಪನ್ನು ಇಲ್ಲಿ ಬರೆಯದಿದ್ದರೆ ಈ ಉತ್ತರ ಪೂರ್ತಿಯಾಗುವುದಿಲ್ಲ. ತೊಂಬತ್ತರ ದಶಕದಲ್ಲಿ ಒಂದು ಸಣ್ಣ ಸ್ಥಳೀಯ ಸಂಸ್ಥೆಯ ತಪಾಸಣೆಗೆ ಹೋಗಿದ್ದೆ. ಸಂತೆ ಸುಂಕದ ಹರಾಜಿನಿಂದ ಬಂದ ನಾಲ್ಕು ಲಕ್ಷ ರೂಪಾಯಿಯನ್ನು ಊರಿನ ಒಂದು ಪತ್ತಿನ ಸಹಕಾರ ಸಂಘದಲ್ಲಿ ಠೇವಣಿ ಇಟ್ಟಿದ್ದರು. ಠರಾವು ಇತ್ತು, ರಸೀದಿ ಇತ್ತು, ಬಡ್ಡಿ ನಗದು ಪುಸ್ತಕದಲ್ಲಿ ಪೈಸೆ ಬಿಡದೆ ಜಮೆಯಾಗಿತ್ತು. ಆ ಬಡ್ಡಿಯ ಮುಂದೆ ಹಸಿರು ಶಾಯಿಯಲ್ಲಿ ಟಿಕ್ ಹಾಕಿದೆ. ಬ್ಯಾಂಕಿಗಿಂತ ಶೇ 3ರಷ್ಟು ಹೆಚ್ಚು ಯಾಕೆ ಕೊಡುತ್ತಿದ್ದಾರೆ ಎಂದು ಒಂದು ಸಾಲಿನ ಆಕ್ಷೇಪಣೆ ಬರೆಯಲಿಲ್ಲ. ಮರುವರ್ಷ ಸಂಘದ ಬಾಗಿಲಿಗೆ ಬೀಗ ಬಿದ್ದಿತ್ತು. ಆ ಬೇಸಿಗೆಯಲ್ಲಿ ಕೊರೆಸಬೇಕಿದ್ದ ಎರಡು ಕೊಳವೆಬಾವಿಗಳು ಹಾಗೆಯೇ ಉಳಿದವು. ಹಳೆಯ ಪುಸ್ತಕ ತೆರೆದರೆ ನನ್ನ ಹಸಿರು ಗುರುತು ಅಲ್ಲೇ ಇತ್ತು. ಖರ್ಚು ಹೆಚ್ಚಾದರೆ ಹತ್ತು ಪ್ರಶ್ನೆ ಹಾಕಲು ನಮಗೆ ಕಲಿಸಿದ್ದರು; ವರಮಾನ ಹೆಚ್ಚಾದಾಗ ಒಂದನ್ನಾದರೂ ಕೇಳಬೇಕೆಂದು ನನಗೆ ಗೊತ್ತಾದದ್ದು ಆ ಬೀಗ ನೋಡಿದ ಮೇಲೆ.

ಇನ್ನು, ನೀವು ಕೇಳಬಹುದೇ? ಖಂಡಿತ ಕೇಳಬಹುದು. ಕ್ಯಾಲಿಫೋರ್ನಿಯಾದ ಸಾರ್ವಜನಿಕ ದಾಖಲೆಗಳ ಕಾನೂನು 1968ರದು. ಅರ್ಜಿ ಹಾಕಲು ಕಾರಣ ಹೇಳಬೇಕಿಲ್ಲ, ಅಲ್ಲಿನ ಪೌರರಾಗಿರಬೇಕೆಂದೂ ಇಲ್ಲ. ದಾಖಲೆ ಕೊಡಲಾಗುವುದೇ ಇಲ್ಲವೇ ಎಂಬುದನ್ನು ಹತ್ತು ದಿನಗಳೊಳಗೆ ತಿಳಿಸಬೇಕು. ಖಜಾಂಚಿಯ ಹೂಡಿಕೆ ವರದಿ ಅರ್ಜಿಯಿಲ್ಲದೆಯೇ ಅಂತರ್ಜಾಲದಲ್ಲಿ ಸಿಗುತ್ತದೆ. ಅದರಲ್ಲಿ ಕೊಂಡ ಬೆಲೆ, ಮಾರುಕಟ್ಟೆ ಬೆಲೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಪಕ್ಕದ ಕೌಂಟಿಯ ಬಡ್ಡಿಯನ್ನೂ ನೋಡಿ.

ಪ್ರಶ್ನೆ: ಕೌಂಟಿ ಎಂದರೆ ನಮ್ಮ ಜಿಲ್ಲಾ ಪಂಚಾಯಿತಿಯೇ?
– ಓದುಗರು, ದಾವಣಗೆರೆ

ಉತ್ತರ: ವಿಸ್ತಾರದಲ್ಲಿ ಜಿಲ್ಲೆಯ ಹಾಗೆ, ಅಧಿಕಾರದಲ್ಲಿ ಹಾಗಲ್ಲ. ಆರೆಂಜ್ ಕೌಂಟಿಯನ್ನು ನಡೆಸುವುದು ಐವರು ಚುನಾಯಿತರ ಮಂಡಳಿ. ಅವರನ್ನು ಸೂಪರ್‌ವೈಸರ್ ಎಂದು ಕರೆಯುತ್ತಾರೆ. ತೆರಿಗೆ ವಸೂಲಿ, ಜೈಲು, ಸಾರ್ವಜನಿಕ ಆರೋಗ್ಯ, ಚುನಾವಣೆ ಎಲ್ಲವೂ ಕೌಂಟಿಯ ಹೊಣೆ. ನಮ್ಮಲ್ಲಿ ಜಿಲ್ಲಾಧಿಕಾರಿ ಮತ್ತು ಜಿಲ್ಲಾ ಪಂಚಾಯಿತಿ ಹಂಚಿಕೊಂಡ ಕೆಲಸ ಅಲ್ಲಿ ಒಂದೇ ಸೂರಿನಡಿ ನಡೆಯುತ್ತದೆ.

ಪ್ರಶ್ನೆ: ಎಲ್ಲ ಕಡತಗಳನ್ನೂ ಅಂತರ್ಜಾಲದಲ್ಲಿ ಹಾಕಿಬಿಟ್ಟರೆ ಹಣ ಸೋರುವುದು ನಿಲ್ಲುತ್ತದಲ್ಲವೇ?
– ಓದುಗರು, ಧಾರವಾಡ

ಉತ್ತರ: ನಿಲ್ಲುವುದಿಲ್ಲ. ಅದೇ ಆರೆಂಜ್ ಕೌಂಟಿಯ ಇತ್ತೀಚಿನ ಪ್ರಕರಣವನ್ನೇ ಹೇಳುತ್ತೇನೆ. ಅಲ್ಲಿ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮೊದಲು ಪ್ರಕಟಿಸಲೇಬೇಕು. ಸಭೆಗಳು ಜನರ ಎದುರೇ ನಡೆಯಬೇಕೆಂಬ ಕಾನೂನು 1953ರಿಂದಲೇ ಇದೆ. ಒಂದು ಮಂಗಳವಾರ ಬೆಳಿಗ್ಗೆ ಮಗಳು ನನ್ನನ್ನು ಕೌಂಟಿಯ ಕೇಂದ್ರವಾದ ಸಾಂತಾ ಆನಾದಲ್ಲಿ ಮಂಡಳಿಯ ಸಭೆಗೆ ಕರೆದುಕೊಂಡು ಹೋಗಿದ್ದಳು. ಹತ್ತಾರು ವಿಷಯಗಳನ್ನು ಒಟ್ಟಿಗೆ ಸೇರಿಸಿ ಒಂದೇ ಮತದಲ್ಲಿ ಅಂಗೀಕರಿಸಿದರು. ಊರಿನಲ್ಲಿ ‘ಎಲ್ಲರೂ ಒಪ್ಪಿದ್ದೇವೆ, ಮುಂದಿನದು ಓದಿ’ ಎನ್ನುವುದನ್ನು ಎಷ್ಟು ಸಲ ಕೇಳಿದ್ದೇನೋ! ಆಗ ಹಿಂದಿನ ಸಾಲಿನಿಂದ ಊರುಗೋಲು ಹಿಡಿದ ಅಜ್ಜಿಯೊಬ್ಬರು ಬಂದು, ಒಂದು ಗುತ್ತಿಗೆಯ ಸಂಖ್ಯೆ ಹೇಳಿ, ಈ ಮೊತ್ತ ಹೋದ ವರ್ಷಕ್ಕಿಂತ ಯಾಕೆ ಹೆಚ್ಚು ಎಂದು ಕೇಳಿದರು. ಅವರ ಕೈಯಲ್ಲಿ ಮುದ್ರಿಸಿಕೊಂಡ ಹಾಳೆಗಳಿದ್ದವು, ಅಂಚಿನಲ್ಲಿ ಪೆನ್ಸಿಲ್ ಗುರುತುಗಳಿದ್ದವು. ಊರವರ ಎದುರು ಪಂಚಾಯಿತಿಯ ಲೆಕ್ಕ ನೋಡುವ ನಮ್ಮ ಜಮಾಬಂದಿಯಲ್ಲಿ ಅಂಥ ಒಬ್ಬರು ಊರಿಗೊಬ್ಬರಂತೆ ಸಿಗಬೇಕೆಂದು ನಾನು ಆಸೆಪಡುತ್ತೇನೆ.

ಪ್ರಕರಣ ಇದು. ಕೋವಿಡ್ ಕಾಲದಲ್ಲಿ ಮುಖ್ಯವಾಗಿ ವೃದ್ಧರಿಗೂ ಅಶಕ್ತರಿಗೂ ಊಟ ಹಂಚಲೆಂದು ಆಂಡ್ರೂ ಡೋ ಎಂಬ ಸೂಪರ್‌ವೈಸರ್ ಒಂದು ಸಂಸ್ಥೆಗೆ ಕೋಟಿ ಡಾಲರಿಗೂ ಹೆಚ್ಚು ಹಣ ಕೊಡಿಸಿದರು. ಅವರ ಮಗಳಿಗೆ ಆ ಸಂಸ್ಥೆಯ ಜೊತೆ ನಂಟಿತ್ತು. ಅದನ್ನು ಅವರು ಹೇಳಿರಲಿಲ್ಲ. ಆ ಹಣದ ಒಂದು ಭಾಗ ಸಾರ್ವಜನಿಕ ಕಾರ್ಯಸೂಚಿಗೆ ಬಾರದೆಯೇ ಮಂಜೂರಾಗಿತ್ತು. ಲಾಸ್ ಏಂಜಲಿಸಿನ ಸಾರ್ವಜನಿಕ ರೇಡಿಯೊದ ಸುದ್ದಿತಾಣ ಎಲ್‌ಎಯಿಸ್ಟ್‌ನ ವರದಿಗಾರರೊಬ್ಬರು 2023ರ ಕೊನೆಯಲ್ಲಿ ಇದನ್ನು ಹೊರಗೆಳೆದರು. ಡೋ 2024ರಲ್ಲಿ ತಪ್ಪೊಪ್ಪಿಕೊಂಡರು, ಐದೂವರೆ ಲಕ್ಷ ಡಾಲರಿಗೂ ಮೀರಿದ ಲಂಚದ ಲೆಕ್ಕ ಹೊರಬಿತ್ತು, 2025ರ ಜೂನ್‌ನಲ್ಲಿ ಐದು ವರ್ಷಗಳ ಸೆರೆಶಿಕ್ಷೆಯಾಯಿತು. ಒಟ್ಟು ಹಣದಲ್ಲಿ ಊಟಕ್ಕೆಂದೇ ಕೊಟ್ಟ 90 ಲಕ್ಷ ಡಾಲರಿಗೂ ಹೆಚ್ಚಿನ ಹಣದಲ್ಲಿ ಊಟಕ್ಕೆ ಹೋದದ್ದು ಶೇ 15ರಷ್ಟು ಮಾತ್ರ.

ಕಡತವೇ ಇಲ್ಲದ ಮಂಜೂರಾತಿಯನ್ನು ಅಂತರ್ಜಾಲದಲ್ಲಿ ಹುಡುಕಿ ಫಲವಿಲ್ಲ. ನಿಮ್ಮ ಧಾರವಾಡದ ಗ್ರಾಮ ಪಂಚಾಯಿತಿಯ ಲೆಕ್ಕ ನೋಡುವಾಗಲೂ ಪಾವತಿಯ ಪಟ್ಟಿಯನ್ನು ಒಂದು ಕೈಯಲ್ಲಿ, ಸಭೆಯ ಠರಾವುಗಳನ್ನು ಇನ್ನೊಂದು ಕೈಯಲ್ಲಿ ಹಿಡಿಯಿರಿ. ಠರಾವಿನಲ್ಲಿ ಇಲ್ಲದ ಪಾವತಿ ಯಾವುದಾದರೂ ಕಂಡರೆ ಅದರ ವೋಚರ್ ಸಂಖ್ಯೆ, ದಿನಾಂಕ ಬರೆದುಕೊಳ್ಳಿ. ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಆ ಒಂದೇ ವೋಚರಿನ ಪ್ರತಿ ಕೇಳಿ. ‘ಎಲ್ಲ ಕಡತ ಕೊಡಿ’ ಎಂದರೆ ಬರುವ ಉತ್ತರ ಬೇರೆ, ‘ಈ ವೋಚರ್ ಕೊಡಿ’ ಎಂದರೆ ಬರುವ ಉತ್ತರವೇ ಬೇರೆ. ಬಂದ ಉತ್ತರವನ್ನು ನನಗೂ ಕಳುಹಿಸಿ, ಇಬ್ಬರೂ ಕೂಡಿ ಓದೋಣ.