ಮಂಡಕ್ಕಿ ಭಟ್ಟಿ ಕೆಲಸಕ್ಕೆ ರೆಕ್ಸಿನ್ ಕೋಟು ಕೊಡಿಸಬಹುದಾ?

ನಿಮ್ಮ ತಮ್ಮ ದಾವಣಗೆರೆಯ ಮಂಡಕ್ಕಿ ಭಟ್ಟಿಗೆ ಹೊಸದಾಗಿ ಸೇರಿದ್ದಾನೆ, ಬೆಂಕಿ ಝಳಕ್ಕೆ ಮೈತುಂಬ ಮುಚ್ಚುವ ರೆಕ್ಸಿನ್ ಕೋಟು ಕೊಡಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಹನ್ನೊಂದು ವರ್ಷ ಅಲ್ಲೇ ಮಂಡಕ್ಕಿ ಹುರಿದವನು ನಾನು.

ಬೆವರು ಸುರಿದರೆ ಮೈ ತಣ್ಣಗಾಗಲ್ಲ, ಆರಿದರೆ ಆಗುತ್ತೆ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊತ್ತೊಯ್ಯುತ್ತೆ. ರೆಕ್ಸಿನ್ ಒಳಗೆ ಅದು ಆರೋದೇ ಇಲ್ಲ. ಕೆಲಸದ ಜಾಗದ ಸೆಕೆ ಅಳೆಯೋಕೆ ಡಬ್ಲ್ಯೂಬಿಜಿಟಿ ಅನ್ನೋ ಲೆಕ್ಕ ಇದೆ. ಆವಿ ಹೊರಬಿಡದ ಸೂಟ್ ಹಾಕಿದವನಿಗೆ ಅದರಲ್ಲಿ 11 ಡಿಗ್ರಿ ಕೂಡಿಸ್ತಾರೆ. ಸಾದಾ ಹತ್ತಿ ಬಟ್ಟೆಗೆ ಕೂಡಿಸೋದು ಸೊನ್ನೆ.

ನಮ್ಮ ಜೊತೆಗಾರನೊಬ್ಬ ಹೊಟ್ಟಿನ ಕಿಡಿ ಸಿಡಿಯುತ್ತೆ ಅಂತ ನೈಲಾನ್ ಜಾಕೆಟ್ ಹಾಕ್ಕೊಂಡು ಬರ್ತಿದ್ದ. ಏಪ್ರಿಲ್‌ನ ಒಂದು ಬೆಳಿಗ್ಗೆ ಏನೇನೋ ಬಡಬಡಿಸತೊಡಗಿದ. ರಾತ್ರಿ ನಿದ್ದೆ ಕೆಟ್ಟಿರಬೇಕು ಅಂದುಕೊಂಡು ಸುಮ್ಮನಿದ್ವಿ. ಕಾಲು ಗಂಟೆಯಲ್ಲಿ ಕುಸಿದ. ಜಾಕೆಟ್ ಕಿತ್ತು, ಕೊಡಗಟ್ಟಲೆ ನೀರು ಸುರಿದು, ಗಾಳಿ ಹಾಕುತ್ತಲೇ ಆಸ್ಪತ್ರೆಗೆ ಒಯ್ದ್ವಿ. ಉಳಿದ. ಆ ಕಾಲು ಗಂಟೆ ಕಳೆದದ್ದು ನನಗೆ ಇವತ್ತಿಗೂ ಚುಚ್ಚುತ್ತೆ. ಮಾತು ತೊದಲಿದರೆ, ದಿಕ್ಕು ತಪ್ಪಿದರೆ ಅದು ಶಾಖಾಘಾತ, ಒಳಮೈ 40 ಡಿಗ್ರಿ ದಾಟಿರಬಹುದು. 108ಕ್ಕೆ ಫೋನ್ ಮಾಡಿ, ಬರೋವರೆಗೂ ಮೈ ತಣಿಸ್ತಾನೇ ಇರಿ. ಎಚ್ಚರ ಇಲ್ಲದವನ ಬಾಯಿಗೆ ನೀರು ಹಾಕಬೇಡಿ.

ಹಾಗಂತ ಬರಿಮೈಯಲ್ಲೂ ನಿಲ್ಲಬಾರದು. ಒಲೆ ಬಾಯಿಯ ಝಳ ನೇರ ಚರ್ಮಕ್ಕೆ ಹೊಡೆಯುತ್ತೆ, ಬಿಸಿ ಮರಳೂ ಸಿಡಿಯುತ್ತೆ. ಸಡಿಲವಾದ ತುಂಬುತೋಳಿನ ಹತ್ತಿ ಅಂಗಿ, ಅದರ ಮೇಲೆ ಎದೆಯಿಂದ ಮೊಣಕಾಲವರೆಗೆ ದಪ್ಪ ಏಪ್ರನ್ ಸಾಕು. ಬೆನ್ನು ಮಾತ್ರ ಗಾಳಿಗೆ ಬಿಟ್ಟಿರಲಿ. ಅಲ್ಯೂಮಿನಿಯಂ ಲೇಪದ ಏಪ್ರನ್ ಸಿಕ್ಕರೆ ಇನ್ನೂ ಒಳ್ಳೇದು, ಝಳವನ್ನೇ ವಾಪಸ್ ಎಸೆಯುತ್ತೆ. ಮಸಿ ಹಿಡಿದರೆ ಆ ಗುಣ ಹೋಗುತ್ತೆ, ಒರೆಸ್ತಾ ಇರಬೇಕು.

ಕಾಲು ಗಂಟೆಗೊಂದು ಲೋಟ ನೀರು, ನಡುವೆ ಉಪ್ಪು ಹಾಕಿದ ಮಜ್ಜಿಗೆ. ಬಾಯಾರೋವರೆಗೂ ಕಾಯೋದು ಬೇಡ.

ಬಟ್ಟೆಗಿಂತಲೂ ನನಗೆ ಚಿಂತೆ ಅವನ ಮೊದಲ ವಾರದ್ದು. ಸೆಕೆಗೆ ಮೈ ಒಗ್ಗೋಕೆ ಒಂದೆರಡು ವಾರ ಬೇಕು. ಹೊಸಬ ಮೊದಲ ದಿನ ಪೂರ್ತಿ ಪಾಳಿಯ ಐದರಲ್ಲೊಂದು ಪಾಲು ಮಾತ್ರ ಬೆಂಕಿ ಮುಂದೆ ನಿಂತು, ದಿನಾ ಅಷ್ಟಷ್ಟೇ ಏರಿಸಬೇಕು. ಮಿಕ್ಕ ಹೊತ್ತು ಚೀಲ ಹೊಲಿಯಲಿ, ಅಕ್ಕಿ ಆರಹಾಕಲಿ. ಹೊಸ ಹುಡುಗ ತಾನಾಗಿ ಇದನ್ನು ಕೇಳಲ್ಲ. ನೀವೇ ಹೋಗಿ ಮಾಲೀಕರ ಹತ್ತಿರ ಮಾತಾಡಿ.